ಗ್ಯಾರೇಜಿನಲ್ಲಿ ಗಂಧರ್ವ

ಸಿಯಾಟಲ್ ಹತ್ತಿರದ ಓವರ್‌ಲೇಕಿನ ನಮ್ಮ ಮನೆಯಲ್ಲಿ ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು, ಮರದ ದಿಮ್ಮಿ ಗ್ಯಾರೇಜಿನಲ್ಲಿ ಮಲಗಿರುತ್ತಿತ್ತು. ಕಂಪನಿಯ ಶಟಲ್ ಬಸ್ಸು ಹಿಡಿಯಲು ಓಡುವ ಹೊತ್ತಿನಲ್ಲೂ ಅಮ್ಮ ಇದನ್ನು ಒಂದು ಸಲ ಆಡಿ ತೋರಿಸದೆ ಹೊರಡುತ್ತಿರಲಿಲ್ಲ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು ಅದು; ಕೆಳಗೆ ಗ್ಯಾರೇಜು, ಅದರ ಮೇಲೆ ಅಡುಗೆಮನೆ, ಅದರ ಮೇಲೆ ಮಲಗುವ ಕೋಣೆಗಳು. ಗೋಡೆ, ನೆಲ ಎಲ್ಲ ಮರದ್ದೇ ಆದ್ದರಿಂದ ಕೆಳಗೆ ಅಪ್ಪ ಉಳಿಯ ತಲೆಗೆ ಕೊಡತಿಯಲ್ಲಿ ಹೊಡೆದರೆ ಮೇಲೆ ಸ್ಟೀಲ್ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಸದ್ದು ಕೇಳಿಸುತ್ತಿದ್ದರೆ ಅಪ್ಪ ಖುಷಿಯಾಗಿದ್ದಾರೆ ಎಂದೂ, ಕೇಳಿಸದಿದ್ದರೆ ನಾನು ಹುಷಾರಾಗಿರಬೇಕೆಂದೂ ಅರ್ಥ. ಮರದ ಪುಡಿ ಮೆಟ್ಟಿಲು ಹತ್ತಿ ಬಂದು ಮೊಸರಿನ ಮೇಲೆಲ್ಲ ಕೂರುತ್ತಿತ್ತು. ಸಾರಿನಲ್ಲಿ ತೇಲುತ್ತಿದ್ದ ಮರದ ಸಿಪ್ಪೆಯನ್ನು ಕರಿಬೇವೆಂದು ಅಗಿದವಳು ನಾನು. ಅಮ್ಮ ಆಗ ನಕ್ಕಳು, ಬೈದಳು. ಎರಡನ್ನೂ ಒಟ್ಟಿಗೇ ಮಾಡುವುದು ಅವಳಿಗೆ ಬರುತ್ತಿತ್ತು.

ಅಪ್ಪ ಮೈಸೂರಿನಲ್ಲಿ ಮರದ ಶಿಲ್ಪಿ. ದೇವಸ್ಥಾನದ ಬಾಗಿಲುವಾಡ, ಉತ್ಸವದ ಪಲ್ಲಕ್ಕಿ, ಮನೆಗಳ ದೇವರಗೂಡು ಅವರ ಕೆಲಸ. ಅಮ್ಮ ಕಂಪ್ಯೂಟರ್ ಓದಿದವಳು. ಅವಳಿಗೆ ಇಲ್ಲಿನ ರೆಡ್ಮಂಡಿನಲ್ಲಿ ಕೆಲಸ ಸಿಕ್ಕಿದಾಗ ಅಪ್ಪ ಉಳಿಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು, ನನ್ನ ಕೈ ಹಿಡಿದುಕೊಂಡು ಅವಳ ಹಿಂದೆ ಬಂದರು. ನನಗಾಗ ಎಂಟು ವರ್ಷ. ಅಪ್ಪನ ವೀಸಾದಲ್ಲಿ ಈ ದೇಶದಲ್ಲಿ ಇರಬಹುದಿತ್ತು, ಉಣ್ಣಬಹುದಿತ್ತು, ನಿದ್ದೆ ಮಾಡಬಹುದಿತ್ತು; ದುಡಿಯುವ ಹಾಗಿರಲಿಲ್ಲ. ಶನಿವಾರ ಕನ್ನಡದವರೆಲ್ಲ ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿಕೊಂಡು ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಹೆಚ್ಚಿನವರು ಅಮ್ಮನ ಕಂಪನಿಯ ಒಂದಲ್ಲ ಒಂದು ಕಟ್ಟಡದಲ್ಲಿ ಕೆಲಸ ಮಾಡುವವರೇ ಆದ್ದರಿಂದ ಅಲ್ಲಿ ಗಂಡಸರು ಹೆಸರು ಕೇಳುವ ಮೊದಲೇ ಕೇಳುತ್ತಿದ್ದದ್ದು ಒಂದು ಪ್ರಶ್ನೆ.

"ಯಾವ ಬಿಲ್ಡಿಂಗ್ ಸಾರ್ ನೀವು?"

"ನಾನು ಗ್ಯಾರೇಜು," ಎನ್ನುತ್ತಿದ್ದರು ಅಪ್ಪ.

ಮೊದಮೊದಲು ಜನ ನಕ್ಕರು. ಆಮೇಲೆ ಅಪ್ಪ ಆ ಊಟಗಳಿಗೆ ಬರುವುದನ್ನೇ ಬಿಟ್ಟರು. ಅವರು ಉಳಿಗಳಿಗೆ ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಸುತ್ತಿಡುವುದನ್ನು ನಾನು ಶಾಲೆಯಿಂದ ಬಂದು ನೋಡುತ್ತಿದ್ದೆ. ಅಮ್ಮ ಮಾತಿನಲ್ಲಿ ಎಷ್ಟೇ ಚುಚ್ಚಿದರೂ ಒಳಗೆ ಹೆದರಿದ್ದಳು. ಅಪ್ಪನ ಕೈ ಈ ಊರಿನಲ್ಲಿ ಬದುಕುತ್ತದೋ ಇಲ್ಲವೋ ಎಂಬುದೇ ಆ ದಿನಗಳಲ್ಲಿ ನಮ್ಮ ಮನೆಯ ಚಿಂತೆ. ನಾನು ಚಿಕ್ಕವಳಾದರೂ ನನಗದು ಗೊತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಅಪ್ಪ ಬೇಸರಕ್ಕೆ ಹಳೆಯ ಮೇಜಿನ ಕಾಲೊಂದರ ಮೇಲೆ ಹಂಸ ಕೆತ್ತುತ್ತಿದ್ದಾಗ, ಎರಡು ಮನೆ ಆಚೆಯ ಮಾರ್ಗರೆಟ್ ಸದ್ದು ಕೇಳಿ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತರು. ಬಿಳಿ ಕೂದಲು, ಗಂಡಸರ ಬೂಟು, ಉಗುರಿನ ಸಂದಿಯಲ್ಲಿ ಚಿನ್ನದ ಬಣ್ಣ. ಸಿಯಾಟಲ್ಲಿನ ಗುಡ್ಡದ ಮೇಲಿನ ಒಂದು ಹಳೆಯ ಚರ್ಚಿನಲ್ಲಿ ಗೋಡೆಯೆತ್ತರಕ್ಕೆ ನಿಂತ ಮರದ ಬಲಿಪೀಠವನ್ನು ದುರಸ್ತಿ ಮಾಡುವ ಕೆಲಸ ಅವರದು. ಹಂಸವನ್ನು ಎರಡೂ ಕೈಯಲ್ಲಿ ಎತ್ತಿ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಅಪ್ಪನಿಗೆ ಅಂಗಡಿ ಇಂಗ್ಲಿಷಿಗಿಂತ ಮುಂದೆ ಬರುತ್ತಿರಲಿಲ್ಲ. ಹಾಗಾಗಿ ಮಧ್ಯೆ ನಿಂತು ಎರಡೂ ಕಡೆಗೆ ಮಾತು ದಾಟಿಸುವವಳು ನಾನಾದೆ. ನನ್ನ ಜೊತೆಯ ಮಕ್ಕಳೆಲ್ಲ ಅಮ್ಮ ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುತ್ತಿದ್ದ ಕಾಲದಲ್ಲಿ ನನ್ನ ಕನ್ನಡ ಉಳಿದದ್ದು ಇದರಿಂದ. ಅಮ್ಮ ಹೇಳಿಕೊಟ್ಟಂತೆ ನಾನು ಅವರನ್ನು ಮಾರ್ಗರೆಟ್ ಅಜ್ಜಿ ಎಂದೆ. ಅರ್ಥ ತಿಳಿದ ಮೇಲೆ ಅವರು ಬೇರೆ ಹೆಸರಿಗೆ ತಿರುಗುತ್ತಲೇ ಇರಲಿಲ್ಲ.

ಆ ಭಾನುವಾರವೇ ಅಜ್ಜಿ ನಮ್ಮನ್ನು ಚರ್ಚಿಗೆ ಕರೆದುಕೊಂಡು ಹೋದರು. ಆ ಪೀಠ ಯುರೋಪಿನ ಬೆಟ್ಟದೂರೊಂದರಲ್ಲಿ ಮುಚ್ಚಿಹೋದ ಚರ್ಚಿನಿಂದ ಪೆಟ್ಟಿಗೆಗಳಲ್ಲಿ ಬಂದದ್ದಂತೆ. ಬರೋಕ್ ಎಂದು ಆ ಶೈಲಿಯ ಹೆಸರು. ಕಂಬಗಳಿಗೆ ಬಳ್ಳಿಯ ಸುತ್ತು, ಸಂತರ ಉಡುಪಿಗೆಲ್ಲ ಗಾಳಿ ತುಂಬಿಕೊಂಡಿದೆ, ಎಲ್ಲಿ ನೋಡಿದರೂ ಚಿನ್ನ. ಅಪ್ಪ ಕತ್ತೆತ್ತಿ ನೋಡುತ್ತ ನಿಂತವರು ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರಿಂದ ಬರೀ ಕಾಲ್ಚೀಲದಲ್ಲಿದ್ದರು. ತುತ್ತತುದಿಯಲ್ಲಿ ಎಡಕ್ಕೊಬ್ಬ ದೇವದೂತ ಮಂಡಿಯೂರಿದ್ದ. ಬಲಗಡೆಯವನು ಹಿಂದೆಂದೋ ಚಾವಣಿ ಸೋರಿ ಕೊಳೆತುಹೋಗಿದ್ದ. ಆ ಜಾಗ ಖಾಲಿ.

"ನಮ್ಮೋರ ಥರಾನೇ ಕಣೆ ಪುಟ್ಟಿ," ಎಂದರು ಅಪ್ಪ, ಮೆಲ್ಲಗೆ. "ಖಾಲಿ ಜಾಗ ಕಂಡ್ರೆ ಇವ್ರಿಗೂ ಆಗಲ್ಲ. ಮೇಲಿರೋನು ನೋಡು, ಥೇಟ್ ಗಂಧರ್ವ."

ಬಲಗಡೆಯ ಗಂಧರ್ವನನ್ನು ಅಪ್ಪ ಕೆತ್ತುವುದೆಂದು ಅಲ್ಲೇ ನಿಂತಲ್ಲೇ ಮಾತಾಯಿತು. ದುಡ್ಡು ತೆಗೆದುಕೊಳ್ಳದೆ ಸೇವೆ ಎಂದು ಮಾಡಿದರೆ ವೀಸಾದ ತಕರಾರಿಲ್ಲ ಎಂದು ಅಮ್ಮ ವಿಚಾರಿಸಿ ಬಂದಳು. ಆ ದಿನ ಅವಳು ಶಾವಿಗೆ ಪಾಯಸ ಮಾಡಿದಳು, ಯಾಕೆ ಎಂದು ಯಾರೂ ಕೇಳಲಿಲ್ಲ.

ಶತಮಾನಗಳ ಹಿಂದೆ ಆ ಪೀಠ ಮಾಡಿದ ಶಿಲ್ಪಿಯ ಬಗ್ಗೆ ಅಜ್ಜಿಗೆ ತಿಳಿದದ್ದು ಅಷ್ಟಿಷ್ಟು. ಅವನ ತಂದೆಯೂ ಶಿಲ್ಪಿಯೇ. ಚಳಿಗಾಲವೆಲ್ಲ ಮನೆಯ ಕೆಳಗಿನ ಕೋಣೆಯಲ್ಲಿ ಕೆತ್ತಿ, ಹಿಮ ಕರಗಿದ ಮೇಲೆ ಸಂತರನ್ನು ಹುಲ್ಲಿನಲ್ಲಿ ಸುತ್ತಿ ಗಾಡಿಯಲ್ಲಿ ಹೇರಿಕೊಂಡು ಊರೂರಿಗೆ ಹೋಗಿ ಪೀಠ ಕೂರಿಸುತ್ತಿದ್ದ. ಚಿನ್ನದ ಹಾಳೆ ಹಚ್ಚುವುದು ಅವನ ಮಾವನ ಕೆಲಸ. ಶಿಲ್ಪಿಯ ಮಕ್ಕಳು ಹೆಚ್ಚು ದಿನ ಬದುಕಲಿಲ್ಲ. ಅವರ ಮುಖಗಳನ್ನೇ ದೇವದೂತರಿಗೆ ಇಡುತ್ತಿದ್ದ ಎಂದು ಆ ಊರಿನವರು ಹೇಳುತ್ತಿದ್ದರಂತೆ. ಈ ಪೀಠ ಮೇಲೇಳುವ ಮೊದಲೇ ತೀರಿಕೊಂಡ. ಅಪ್ಪನಿಗೆ ಇಷ್ಟು ಸಾಕಾಯಿತು. ಅವನನ್ನು "ನಮ್ಮ ಹಿರೇಆಚಾರ್ರು" ಎಂದು ಕರೆಯತೊಡಗಿ ಮನೆಗೇ ತಂದುಬಿಟ್ಟರು. ಹಿರೇಆಚಾರ್ರು ಏನು ಉಣ್ಣುತ್ತಿದ್ದಿರಬಹುದು, ಯಾವ ಕಲ್ಲಿನಲ್ಲಿ ಉಳಿ ಮಸೆಯುತ್ತಿದ್ದಿರಬಹುದು, ಇದೇ ಊಟದ ಹೊತ್ತಿನ ಮಾತು. ಅಮ್ಮ ಅನ್ನ ಬಡಿಸುತ್ತ ಕೇಳುತ್ತಿದ್ದಳು:

"ಅವರಿಗೂ ಒಂದ್ ತಟ್ಟೆ ಹಾಕ್ಲಾ ರೀ? ಮಾವನೋರು ಬಂದು ಕೂತಂಗೆ ಕೂತಿದಾರಲ್ಲ ಮನೇಲಿ."

ಆಯುಧಪೂಜೆಗೆ ಅಪ್ಪ ಉಳಿಗಳ ಪಕ್ಕದಲ್ಲಿ ಮಾರ್ಗರೆಟ್ ಅಜ್ಜಿಯ ಚಿನ್ನ ಹಚ್ಚುವ ಕುಂಚವನ್ನೂ ಇಟ್ಟು ಕುಂಕುಮ ಹಚ್ಚಿದರು. ನಮ್ಮ ಮನೆ ಅಷ್ಟು ಹಗುರವಾಗಿದ್ದದ್ದು ಆಗೊಂದೇ ಸಲ.

ತೊಂದರೆ ಶುರುವಾದದ್ದು ಕೊಳೆತು ಅಳಿದುಳಿದ ಬಲಗಡೆಯ ದೇವದೂತನನ್ನು ಅಜ್ಜಿ ಅಳತೆಗೆಂದು ಗ್ಯಾರೇಜಿಗೆ ತಂದುಕೊಟ್ಟ ದಿನ. ಅಪ್ಪ ಅದಕ್ಕೆ ಕೈ ಮುಗಿದು ಮೆಲ್ಲಗೆ ಮಗುಚಿದರು. ಹಿಂದೆ ಬೆನ್ನೇ ಇರಲಿಲ್ಲ. ಕತ್ತಿನಿಂದ ಸೊಂಟದವರೆಗೆ ಮರವನ್ನು ದೋಣಿಯ ಹಾಗೆ ತೋಡಿ ತೆಗೆದಿತ್ತು, ಒಳಗೆಲ್ಲ ಒರಟು ಏಟಿನ ಗುರುತು. ಅಪ್ಪ ಅದನ್ನು ನೆಲದ ಮೇಲೆ ಬಿಟ್ಟು ಹಿಂದಕ್ಕೆ ಸರಿದರು. ಮರ ಹೊರಗಿನಿಂದ ಒಣಗುತ್ತ ಬಿಗಿಯುತ್ತದೆ, ಒಳಗಿನ ತಿರುಳು ಬಗ್ಗುವುದಿಲ್ಲ, ಆಗ ಮೈ ಸೀಳುತ್ತದೆ. ಅದಕ್ಕೆ ಬೆನ್ನು ತೋಡಿ ತಿರುಳು ತೆಗೆಯಬೇಕು, ಎಲ್ಲ ಪೀಠಗಳ ಮೂರ್ತಿಗಳೂ ಹೀಗೇ ಎಂದು ಅಜ್ಜಿ ವಿವರಿಸಿದರು. ನೀವೂ ಹೀಗೇ ಮಾಡಿ ಎಂದರು. ನಾನು ಒಂದೊಂದು ಮಾತನ್ನೂ ದಾಟಿಸಿದೆ. ಅಪ್ಪ ತಲೆಯಾಡಿಸಿದರು, ಆದರೆ ಅದು ಒಪ್ಪಿದ ತಲೆಯಾಡಿಸುವಿಕೆ ಅಲ್ಲ ಎಂಬುದನ್ನು ಯಾವ ಭಾಷೆಗೆ ದಾಟಿಸಲಿ? ಅಂದು ಊಟಕ್ಕೆ ಕೂತಾಗ ಜಗಳವಾಯಿತು.

"ಬೆನ್ನಿಲ್ದೇ ಇರೋದು ಮುಖವಾಡ ಕಣೇ, ಮೂರ್ತಿ ಅಲ್ಲ. ಅಭಿಷೇಕ ಮಾಡಿದ್ರೆ ನೀರು ಬೆನ್ನ ಮೇಲೆ ಇಳೀಬೇಡ್ವಾ?"

"ಅಲ್ಲಿ ಯಾರ್ರೀ ಅಭಿಷೇಕ ಮಾಡ್ತಾರೆ? ಅಷ್ಟೆತ್ತರದಲ್ಲಿ ಗೋಡೆಗೆ ಒರಗಿ ಕೂರತ್ತೆ. ಅವರು ಹೇಳ್ದಂಗೆ ಮಾಡಿದ್ರೆ ನಿಮ್ಮ ಗಂಟೇನ್ ಹೋಗತ್ತೆ?"

"ಹಿರೇಆಚಾರ್ರು ಹಿಂಗೆ ಮಾಡ್ತಾರೆ ಅಂದ್ಕೊಂಡಿರ್ಲಿಲ್ಲ."

"ಮರ ಸೀಳಿದ್ರೆ?"

"ಮರದ ಬುದ್ಧಿ ನಂಗೊತ್ತಿಲ್ವಾ? ನಿಧಾನಕ್ಕೆ ಒಣಗಿಸ್ತೀನಿ, ಎಣ್ಣೆ ಕುಡಿಸ್ತೀನಿ. ಇಷ್ಟು ವರ್ಷದಲ್ಲಿ ನಾನು ಮಾಡಿದ್ದು ಒಂದಾದ್ರೂ ಸೀಳಿದೆಯಾ ಹೇಳು."

ಸೀಳಿರಲಿಲ್ಲ, ನಿಜ. ಅಮ್ಮನ ಕೈಯ ಸೌಟು ಅನ್ನದ ಮೇಲೇ ನಿಂತಿತ್ತು. ಅವಳು ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಇದೊಂದು ಕೆಲಸಾನಾದ್ರೂ ಉಳಿಸ್ಕೊಳ್ರೀ. ನಿಮ್ಮನ್ನ ಇಲ್ಲಿಗೆ ಕರ್ಕೊಂಡ್ ಬಂದು ಕೈ ಕಟ್ಟಿ ಹಾಕಿದೋಳು ನಾನು. ನಂಗೆ ನಿಮ್ಮ ಮುಖ ನೋಡೋಕಾಗ್ತಿಲ್ಲ." ಅಪ್ಪ ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದರು. ನಾನು ಅಮ್ಮನ ಕಡೆಗೋ ಅಪ್ಪನ ಕಡೆಗೋ ಎಂದು ತಿಳಿಯದೆ ಇದ್ದಲ್ಲೇ ಕೂತಿದ್ದೆ. ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು, ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಅಪ್ಪ ಬೆನ್ನನ್ನು ಇಟ್ಟೇ ಕೆತ್ತಿದರು. ಯಾರದೋ ಹಿತ್ತಿಲಲ್ಲಿ ಬಿದ್ದ ಲಿಂಡೆನ್ ಮರ ಅದು, ಚರ್ಚಿನ ಷೆಡ್ಡಿನಲ್ಲಿ ವರ್ಷಗಟ್ಟಲೆ ಒಣಗಿದ್ದು. ಬೀಟೆ, ತೇಗ ಕೆತ್ತಿದ ಕೈಗೆ ಬೆಣ್ಣೆ ಮುಟ್ಟಿದಂತಾಗುತ್ತದೆ ಎನ್ನುತ್ತಿದ್ದರು. ಬೆನ್ನೆಲುಬಿನ ಇಳಿಜಾರು, ರೆಕ್ಕೆ ಬೆನ್ನಿಗೆ ಕೂಡುವ ಸಂದಿನ ಪುಟ್ಟ ಗರಿಗಳು, ಉತ್ತರೀಯದ ಗಂಟು, ಯಾರೂ ಎಂದೂ ನೋಡದ ಜಾಗವನ್ನೆಲ್ಲ ಮುಂಭಾಗಕ್ಕಿಂತ ಹೆಚ್ಚು ಮುತುವರ್ಜಿಯಿಂದ ತಿದ್ದಿದರು. ಮಾರ್ಗರೆಟ್ ಅಜ್ಜಿ ಬಂದಾಗಲೆಲ್ಲ ಆ ಬೆನ್ನನ್ನು ಸವರಿ ನಿಟ್ಟುಸಿರು ಬಿಡುತ್ತಿದ್ದರು. ಅಂದವಾಗಿದೆ, ಆದರೆ ನನಗೆ ಭಯ ಎಂದು ಅವರು ಹೇಳಿದ್ದನ್ನು ನಾನು ಹಾಗೇ ದಾಟಿಸಿದೆ. ಅಪ್ಪ ಅಂದವಾಗಿದೆ ಎಂಬಷ್ಟನ್ನೇ ಕೇಳಿಸಿಕೊಂಡರು. ಕೊನೆಗೆ ಉಳಿದದ್ದು ಕಣ್ಣು. ನಮ್ಮಲ್ಲಿ ಮೂರ್ತಿಯ ಕಣ್ಣನ್ನು ಕೊನೆಯಲ್ಲಿ, ಪ್ರತಿಷ್ಠೆಯ ಹೊತ್ತಿಗೆ ಮುಹೂರ್ತ ನೋಡಿ ತೆರೆಯುತ್ತಾರೆ. ಅಲ್ಲಿಯವರೆಗೆ ರೆಪ್ಪೆಯ ಜಾಗ ಉಬ್ಬಾಗಿ ನುಣ್ಣಗೆ ಇರುತ್ತದೆ. ಕಣ್ಣು ತೆರೆದ ಮೇಲೆ ಅದು ಮರವಲ್ಲ. ಅಪ್ಪ ಊರಿಗೆ ಫೋನು ಮಾಡಿ ಮುಹೂರ್ತ ಕೇಳಿ, ಚಿಕ್ಕ ಉಳಿಯೊಂದನ್ನು ಕಣ್ಣಿಗೆಂದೇ ಮಸೆದು ಬೇರೆ ಎತ್ತಿಟ್ಟರು. ಗಂಧರ್ವ ಕಣ್ಣಿಲ್ಲದೆ ಹೊದಿಕೆ ಹೊದ್ದು ಚರ್ಚಿಗೆ ಹೋದ, ಅಜ್ಜಿ ಅಲ್ಲಿ ಚಿನ್ನ ಹಚ್ಚಲೆಂದು.

ನಮ್ಮ ಗ್ಯಾರೇಜು ತಣ್ಣಗೆ, ತೇವವಾಗಿತ್ತು. ಚರ್ಚಿನಲ್ಲಿ ಚಳಿಗಾಲವೆಲ್ಲ ಹೀಟರ್ ಉರಿಯುತ್ತಿತ್ತು. ದೇವರಿರುವ ಜಾಗಕ್ಕೆ ಹೀಟರ್ ಹಾಕುವುದನ್ನು ಅಪ್ಪ ಎಲ್ಲಿ ಕಂಡಿದ್ದರು? ಅವರ ಲೆಕ್ಕದಲ್ಲಿ ಮಳೆಯಿತ್ತು, ಬಿಸಿಲಿತ್ತು, ಎಣ್ಣೆದೀಪದ ಶಾಖವಿತ್ತು, ಇದೊಂದು ಇರಲಿಲ್ಲ. ಅಜ್ಜಿಯ ಫೋನು ಬಂದಾಗ ಹೊರಟೆವು. ಅಮ್ಮ ನಮ್ಮಿಬ್ಬರನ್ನು ಬಾಗಿಲಲ್ಲಿ ಇಳಿಸಿ ಪಾರ್ಕಿಂಗ್ ಹುಡುಕಲು ಹೋದಳು. ಆ ಗುಡ್ಡದ ಮೇಲೆ ಅದೊಂದು ತಪಸ್ಸು. ಪೀಠದ ಹಿಂದಿನ ಕೋಣೆಯ ಮೇಜಿನ ಮೇಲೆ ಗಂಧರ್ವ ಅಂಗಾತ ಮಲಗಿದ್ದ. ಗಂಟಲಿನಿಂದ ಎದೆ ದಾಟಿ ಹೊಕ್ಕುಳವರೆಗೆ ಸೀಳಿತ್ತು. ಅಪ್ಪ ಬಿರುಕಿನೊಳಗೆ ಬೆರಳಿಟ್ಟು, ಸುಟ್ಟಂತೆ ಹಿಂದಕ್ಕೆ ತೆಗೆದುಕೊಂಡರು. ಗಾಬರಿ ಬೇಡ, ಇದು ಬರೀ ಒಂದು ಚೆಕ್ ಎಂದರು ಅಜ್ಜಿ. ನನಗೆ ಆ ಪದ ಆ ಅರ್ಥದಲ್ಲಿ ಗೊತ್ತಿರಲಿಲ್ಲ, ಹಾಗೇ ಹೇಳಿದೆ.

"ಚೆಕ್ಕಾ? ಚೆಕ್ಕೆಲ್ಲ ಬೇಡ ಅನ್ನು ಪುಟ್ಟಿ. ನಾನು ದುಡ್ಡು ಮುಟ್ಟೋ ಹಾಗಿಲ್ಲ."

ಒಣಗಿದ ಮರದ ಸೀಳಿಗೆ ಇಲ್ಲಿನ ಬಡಗಿಗಳು ಚೆಕ್ ಎನ್ನುತ್ತಾರೆಂದು ನಮಗೆ ಹೇಗೆ ತಿಳಿಯಬೇಕು? ಅಜ್ಜಿ ಕಣ್ಣು ಪಿಳಿಪಿಳಿ ಬಿಟ್ಟರು. ಅಪ್ಪ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿ, ಒಂದೇ ಮಾತು ಹೇಳಿದರು.

"ಭಿನ್ನ ಆಗೋಯ್ತು. ಭಿನ್ನ ಆಗಿದೆ ಅಂತ ಹೇಳು."

ಭಿನ್ನ ಅಂದರೆ ಬೇರೆ. ಮನೆಯಲ್ಲಿ ಜಗಳವಾದಾಗ ಅಮ್ಮ ನನಗೆ "ಏನಿಲ್ಲ, ಭಿನ್ನಾಭಿಪ್ರಾಯ ಅಷ್ಟೆ" ಎಂದು ಸಮಾಧಾನ ಹೇಳುತ್ತಿದ್ದದ್ದರಿಂದ ನನಗೆ ಆ ಪದ ಚೆನ್ನಾಗಿ ಗೊತ್ತಿತ್ತು. ಇದು ಬೇರೆ ಥರ ಆಗಿದೆ ಅಂತಾರೆ ಅಪ್ಪ ಎಂದೆ. ಅಜ್ಜಿಯ ಮುಖ ಅರಳಿತು. ಕೈಯಲ್ಲಿ ಮಾಡಿದ್ದು ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಅದೇ ಅದರ ಚೆಲುವು ಎಂದು ಅಪ್ಪನ ಭುಜ ತಟ್ಟಿದರು.

"ಭಿನ್ನ ಆಗಿರೋದೇ ಚಂದ ಅಂತಾರೆ, ಅಪ್ಪ."

"ಭಿನ್ನ ಆಗಿರೋದೇ ಚಂದಾನಾ?"

ಅಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆ ಹೊತ್ತಿಗೆ ಅಮ್ಮ ಬಂದಳು. ಅಪ್ಪನನ್ನು ನೋಡಿದಳು, ಮೇಜಿನ ಮೇಲಿದ್ದದ್ದನ್ನು ನೋಡಿದಳು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ತನ್ನ ಮೀಟಿಂಗಿನ ಇಂಗ್ಲಿಷಿನಲ್ಲಿ ಅಜ್ಜಿಗೆ ಎಲ್ಲವನ್ನೂ ಸರಿಯಾಗಿ ಬಿಡಿಸಿ ಹೇಳಿದಳು. ಒಡೆದ ಮೂರ್ತಿಗೆ ನಮ್ಮಲ್ಲಿ ಭಿನ್ನ ಎನ್ನುತ್ತಾರೆ, ಅದನ್ನು ಪೂಜೆಗೆ ಇಡುವುದಿಲ್ಲ, ನೀರಿನಲ್ಲಿ ಬಿಟ್ಟು ಹೊಸದು ಮಾಡುತ್ತಾರೆ, ಇದನ್ನು ನಮಗೆ ಕೊಟ್ಟುಬಿಡಿ ಎಂದು. ಹಾಗಾಗಿ ನಾನು ಒಂದು ಪದ ತಪ್ಪಿದ್ದರಿಂದ ಹೀಗಾಯಿತು ಎಂದುಕೊಳ್ಳುವ ಹಾಗೂ ಇಲ್ಲ. ಸರಿಯಾಗಿ ಹೇಳಿದ ಮೇಲೂ ಆದದ್ದು ಅದೇ. ಅಜ್ಜಿಯ ಕಣ್ಣು ಒದ್ದೆಯಾಯಿತು, ಅವರು ಅಮ್ಮನ ಕೈ ಹಿಡಿದುಕೊಂಡರು. ಆದರೆ ಮರ ಚರ್ಚಿನದು, ಹೊಸದು ಮಾಡಲು ಹೊತ್ತಿಲ್ಲ, ಪೀಠ ಸಿದ್ಧವಾಗಬೇಕಾದ ಚರ್ಚಿನ ಹಬ್ಬ ಹತ್ತಿರ ಬಂದಿದೆ. ಬಿರುಕಿಗೆ ತೆಳ್ಳನೆಯ ಮರದ ಬೆಣೆ ಕೂರಿಸಿ ಮೇಲೆ ಚಿನ್ನ ಹಚ್ಚಿದರೆ ಯಾರಿಗೂ ಕಾಣುವುದಿಲ್ಲ, ಇಲ್ಲಿರುವ ಸಂತರಲ್ಲಿ ಇಂಥ ತೇಪೆಯಿಲ್ಲದವನು ಒಬ್ಬನೂ ಇಲ್ಲ ಎಂದರು. ಅದೂ ನಿಜವೇ ಇರಬೇಕು. ಕಣ್ಣು ಮಾತ್ರ ನೀವೇ ಮುಗಿಸಿಕೊಡಿ ಎಂದು ಬೇಡಿಕೊಂಡರು.

"ಆಗಲ್ಲ," ಎಂದರು ಅಪ್ಪ. ಅಮ್ಮನಿಗೆ ಹೇಳಿದರು, ನನಗಲ್ಲ. "ಒಡೆದ ಮೈಗೆ ಕಣ್ಣು ಕೊಟ್ರೆ, ಅದು ತನ್ನ ಒಡಕನ್ನ ತಾನೇ ನೋಡ್ಕೊಂಡಿರ್ಬೇಕು ಕಣೇ. ಅಷ್ಟು ಪಾಪ ನಾನು ಮಾಡಲ್ಲ."

ಕಾರಿನಲ್ಲಿ ಮನೆಗೆ ಹೊರಟೆವು. ಸರೋವರದ ಮೇಲಿನ ಸೇತುವೆಗೆ ಬಂದಾಗ ಅಪ್ಪ ಗಾಜು ಇಳಿಸಿ ನೀರನ್ನು ನೋಡುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ನಮಗಿಬ್ಬರಿಗೂ ತಿಳಿದಿತ್ತು, ನಮ್ಮ ಕೈಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ.

ಹಬ್ಬದ ದಿನ ಹೋಗದೆ ಇರುವುದು ಅಜ್ಜಿಗೆ ಅವಮಾನ ಎಂದು ಅಮ್ಮ ನಮ್ಮನ್ನು ಹೊರಡಿಸಿದಳು. ಅಪ್ಪ ಮದುವೆಯ ಕೋಟು ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತರು. ಮೇಲೆ ಬಲಗಡೆ ಗಂಧರ್ವ ಚಿನ್ನದಲ್ಲಿ ಹೊಳೆಯುತ್ತಿದ್ದ. ಬಿರುಕು ಎಲ್ಲಿತ್ತೆಂದು ಗೊತ್ತಿದ್ದ ನನಗೂ ಕಾಣಲಿಲ್ಲ. ಅವನ ಬೆನ್ನು ಗೋಡೆಯ ಕಡೆಗಿತ್ತು. ಪೂಜೆ ಮುಗಿದ ಮೇಲೆ ಕೆಳಗಿನ ಸಭಾಂಗಣದಲ್ಲಿ ಕಾಫಿ, ಕೇಕು. ಅಲ್ಲಿ ಜನ ಒಬ್ಬೊಬ್ಬರಾಗಿ ಬಂದು ಅಪ್ಪನ ಕೈ ಕುಲುಕಿದರು. ಪಾದ್ರಿಗಳಂತೂ ಎರಡೂ ಕೈಯಲ್ಲಿ ಅಪ್ಪನ ಕೈ ಹಿಡಿದು ಬಿಡಲೇ ಇಲ್ಲ.

"ಏನಂತಾರೆ ಪುಟ್ಟಿ?"

"ಬೇರೆ ಏಂಜೆಲ್‌ಗಳೆಲ್ಲ ನಮ್ಮನ್ನ ನೋಡ್ತಿರ್ತಾರಂತೆ. ಇದೊಂದೇ ಕಣ್ಣು ಮುಚ್ಕೊಂಡು ನಮ್ಮ ಜೊತೆ ಪ್ರೇ ಮಾಡ್ತಿದೆಯಂತೆ. ಇಂಥದ್ದು ಅವರು ಎಲ್ಲೂ ನೋಡಿಲ್ವಂತೆ."

ಅಪ್ಪ ತಲೆಯಲ್ಲಾಡಿಸಿದರು. "ಮುಚ್ಚಿಲ್ಲ ಅನ್ನು," ಎಂದರು. "ಇನ್ನೂ ತೆರೆದಿಲ್ಲ ಅನ್ನು."

ನಾನು ಅಕ್ಷರ ಬಿಡದೆ ಹೇಳಿದೆ. ಪಾದ್ರಿಗಳು ಕಣ್ಣರಳಿಸಿ, ಎಂಥ ಮಾತು, ಎಂಥ ಮಾತು ಎಂದು ಪಕ್ಕದವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು. ಸಭಾಂಗಣದ ತುಂಬ ಆ ಮಾತು ಓಡಾಡಿತು. ಅಪ್ಪ ಕಾಫಿ ಹಿಡಿದುಕೊಂಡು ನಿಂತಿದ್ದರು. ನನಗೆ ಅಳು ಬರುತ್ತಿತ್ತು, ಅಳುವ ಹಾಗಿರಲಿಲ್ಲ. ಪಾದ್ರಿಗಳು ಇನ್ನೂ ಮಾತಾಡುತ್ತಿದ್ದರು, ಅದನ್ನು ದಾಟಿಸಬೇಕಿತ್ತು. ಎಡಗಡೆಯ ಹಳೆಯ ದೇವದೂತನಿಗೆ ಹುಳು ಹತ್ತಿದೆ, ರೆಕ್ಕೆಯನ್ನು ತಂತಿಯಲ್ಲಿ ಕಟ್ಟಿ ನಿಲ್ಲಿಸಿದ್ದೇವೆ, ಅವನನ್ನು ಕೆಳಗಿಳಿಸುತ್ತೇವೆ. ಆ ಜಾಗಕ್ಕೂ ನೀವೇ ಒಂದು ಮಾಡಿಕೊಡಬೇಕು. ಜೋಡಿಯಾಗಲಿ. ಇದೇ ಥರ, ಕಣ್ಣು ಮುಚ್ಚಿರುವಂಥದ್ದು.

ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ತನ್ನ ಲೋಟದೊಳಗೆ ನೋಡುತ್ತಿದ್ದಳು. ಅವಳು ಏನಾದರೂ ಹೇಳಲಿ ಎಂದು ನಾನು ಕಾದೆ. ಬೇಡ ಎಂದಿದ್ದರೆ ಅಪ್ಪನ ಉಳಿಗಳು ಮತ್ತೆ ಪಂಚೆಯೊಳಗೆ ಹೋಗುತ್ತಿದ್ದವು, ಆಮೇಲೆ ಈ ಊರಿನಲ್ಲಿ ಅವರಿಗೆ ಇನ್ನೇನಿತ್ತು?

"ಹೂಂ ಅನ್ನು, ಪುಟ್ಟಿ," ಎಂದರು ಅಪ್ಪ.

ಈ ಸಲ ಅವರು ದಿಮ್ಮಿಯನ್ನು ಬೋರಲು ಮಲಗಿಸಿ ಬೆನ್ನಿನಿಂದಲೇ ಶುರು ಮಾಡಿದರು. ಮಾರ್ಗರೆಟ್ ಅಜ್ಜಿ ಹೇಳಿದ ಅಗಲಕ್ಕೆ, ಹೇಳಿದ ಆಳಕ್ಕೆ ತಿರುಳನ್ನೆಲ್ಲ ತೋಡಿ ತೆಗೆದರು. ಆಮೇಲೆ ಮಗುಚಿ ಮೂಗು, ತುಟಿ, ರೆಕ್ಕೆ. ರೆಪ್ಪೆಗಳನ್ನು ನುಣ್ಣಗೆ ಉಜ್ಜಿ ಹಾಗೇ ಬಿಟ್ಟರು. ಊರಿಗೆ ಫೋನು ಮಾಡಲಿಲ್ಲ, ಮುಹೂರ್ತ ಕೇಳಲಿಲ್ಲ. ಊಟದ ಹೊತ್ತಿಗೆ ಹಿರೇಆಚಾರ್ರ ಮಾತು ಬರಲಿಲ್ಲ. ಆ ಹಿರೇಆಚಾರ್ರ ಕೊನೆಯ ದೇವದೂತ, ಎಡಗಡೆಯ ಹಳೆಯವನು, ಚರ್ಚಿನ ಷೆಡ್ಡಿಗೆ ಹೋಗಿದ್ದ. ಹೊಸದನ್ನು ಮುಗಿಸಿಕೊಟ್ಟ ಮೇಲೆ ಅಪ್ಪ ಇನ್ನೊಂದನ್ನು ಕೆತ್ತಲಿಲ್ಲ, ಯಾರು ಕೇಳಿದರೂ. ಈಗ ನಾನು ಆ ಕಡೆ ಕೆಲಸವಿದ್ದಾಗ ಸಿಯಾಟಲ್ಲಿನ ಡೆನ್ನಿ ಟ್ರಯಾಂಗಲ್ ಬಡಾವಣೆಯ ಗಾಜಿನ ಕಟ್ಟಡಗಳನ್ನು ದಾಟಿ, ಗುಡ್ಡ ಹತ್ತಿ ಚರ್ಚಿನ ಒಳಗೆ ಹೋಗಿ ಕೂರುತ್ತೇನೆ. ಬಲಗಡೆಯವನಿಗೆ ಮತ್ತೆ ಮತ್ತೆ ಬೆಣೆ ಹಾಕಿ ಚಿನ್ನ ಹಚ್ಚುತ್ತಲೇ ಇದ್ದಾರೆ. ಎಡಗಡೆಯವನಿಗೆ ಈವರೆಗೂ ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ.